ಮಾತ್ರೆಯ ಕವರ್ ಬಿಚ್ಚಿ ನೋಡುವವರು



ಆಸ್ಪತ್ರೆಯಿಂದ ಮನೆಗೆ ಹೊರಡುವ ದಿನ ಹೇಗಿರುತ್ತದೆಂದು ನಿಮಗೆಲ್ಲ ಗೊತ್ತು. ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು "ಇವತ್ತು ಡಿಸ್ಚಾರ್ಜ್" ಎಂದು ಹೇಳಿ ಮುಂದಿನ ಹಾಸಿಗೆಯತ್ತ ಹೋಗಿರುತ್ತಾರೆ. ಬಿಲ್ಲಿನ ಕೌಂಟರಿನ ಮುಂದೆ ಮಧ್ಯಾಹ್ನ ಕಳೆಯುತ್ತದೆ. ಊರಿನ ಬಸ್ಸಿಗೆ ಹೊತ್ತಾಗುತ್ತಿರುತ್ತದೆ. ಕೊನೆಗೆ ಔಷಧದ ಕಿಟಕಿಯಲ್ಲಿ ಒಂದು ಕವರ್ ಕೈಗೆ ಬರುತ್ತದೆ. "ಇದು ಬೆಳಿಗ್ಗೆ ಒಂದು ರಾತ್ರಿ ಒಂದು, ಇದು ತಿಂಡಿಗೆ ಮುಂಚೆ, ಇದು ಅರ್ಧ" ಎಂದು ಒಂದೇ ಉಸಿರಿಗೆ ಹೇಳಿದ್ದಕ್ಕೆಲ್ಲ ನಾವು ತಲೆಯಾಡಿಸಿ ಬರುತ್ತೇವೆ. ಮನೆಗೆ ಬಂದು ನೋಡಿದರೆ ಗೂಡಿನಲ್ಲಿ ಹಳೆಯ ಮಾತ್ರೆಗಳು ಹಾಗೇ ಇವೆ. ಅವನ್ನು ನಿಲ್ಲಿಸಬೇಕೋ, ಹೊಸದರ ಜೊತೆಗೇ ನುಂಗಬೇಕೋ? ಯಾರೂ ಹೇಳಿಲ್ಲ. ಕೇಳಬೇಕೆಂದು ನಮಗೂ ಹೊಳೆದಿಲ್ಲ.

ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಮೇಜಿನ ಮೇಲೆ ಸುರಿದುಕೊಂಡು, ಒಂದೊಂದನ್ನೇ ತಿರುಗಿಸಿ ನೋಡಿ, ಯಾವುದು ಬೇಕು ಯಾವುದು ಬೇಡ ಎಂದು ಡಾಕ್ಟರ ಜೊತೆ ಕೂತು ಮಾತಾಡುವುದೇ ಕೆಲಸವಾಗಿರುವವರು ಇದ್ದಾರೆ. ಅವರನ್ನು ಕ್ಲಿನಿಕಲ್ ಫಾರ್ಮಸಿಸ್ಟ್ ಎನ್ನುತ್ತಾರೆ. ನನ್ನದೂ ಅದೇ ಕೆಲಸ. ವಾರ್ಡಿನಲ್ಲಿ ಬಿಳಿ ಕೋಟು ಹಾಕಿ ನಿಂತರೆ "ನೀವು ಡಾಕ್ಟ್ರಾ, ಸಿಸ್ಟರಾ?" ಎಂದು ರೋಗಿಯ ಕಡೆಯವರು ಕೇಳುತ್ತಾರೆ. ಎರಡೂ ಅಲ್ಲ ಎಂದರೆ ಅವರ ಮುಖದಲ್ಲಿ ಸಣ್ಣದೊಂದು ಅನುಮಾನ ಮೂಡುತ್ತದೆ. ಅದರಲ್ಲಿ ಅವರ ತಪ್ಪಿಲ್ಲ. ಫಾರ್ಮಸಿಸ್ಟ್ ಎಂದರೆ ಕೌಂಟರಿನ ಆಚೆ ನಿಂತು ಮಾತ್ರೆ ಎಣಿಸಿ ಕೊಡುವವರು ಎಂದೇ ನಾವೆಲ್ಲ ತಿಳಿದು ಬೆಳೆದದ್ದು. ನಾವು ರೋಗ ಪತ್ತೆ ಮಾಡುವುದಿಲ್ಲ, ಔಷಧ ಬರೆಯುವುದೂ ಇಲ್ಲ. ಬರೆದ ಔಷಧ ಈ ಮನುಷ್ಯನಿಗೆ, ಈ ವಯಸ್ಸಿಗೆ, ಈ ಮೂತ್ರಪಿಂಡಕ್ಕೆ, ಇವರು ಆಗಲೇ ನುಂಗುತ್ತಿರುವ ಬೇರೆ ಔಷಧಗಳ ಜೊತೆಗೆ ಒಗ್ಗುತ್ತದೆಯೇ ಎಂದು ನೋಡುತ್ತೇವೆ. ಒಗ್ಗದಿದ್ದರೆ ಡಾಕ್ಟರ ಬಳಿ ಹೋಗಿ ಹೇಳುತ್ತೇವೆ. ಕೊನೆಯ ತೀರ್ಮಾನ ಅವರದೇ.

ಕೇಳಲು ಇದು ಸಪ್ಪೆ ಎನ್ನಿಸಬಹುದು. ವಾರ್ಡಿನಲ್ಲಿ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ.

ಎಪ್ಪತ್ತು ದಾಟಿದ ರೈತರೊಬ್ಬರು. ಎದ್ದು ನಿಂತರೆ ಕಣ್ಣು ಕತ್ತಲೆ ಬಂದು ಒಮ್ಮೆ ಜಗಲಿಯಲ್ಲೇ ಬಿದ್ದಿದ್ದರು. ಜೊತೆಗೆ ಬಂದಿದ್ದ ಸೊಸೆ ಜಾಣೆ. ಮನೆಯಲ್ಲಿದ್ದ ಔಷಧವನ್ನೆಲ್ಲ ಸೀರೆ ಅಂಗಡಿಯ ಕವರಿನಲ್ಲಿ ತುಂಬಿಕೊಂಡು ಬಂದಿದ್ದರು. ಸುರಿದು ನೋಡಿದೆ. ಅರ್ಧಕ್ಕರ್ಧ ಸ್ಟ್ರಿಪ್ಪುಗಳು ಕತ್ತರಿಸಿದವು. ಐದೇ ಮಾತ್ರೆ ಕೊಡಿ ಎಂದರೆ ಅಂಗಡಿಯವರು ಕತ್ತರಿ ಹಾಕುತ್ತಾರಲ್ಲ, ಆಗ ಹೆಸರು ಒಂದು ತುಂಡಿಗೆ ಹೋಗುತ್ತದೆ, ಎಕ್ಸ್‌ಪೈರಿ ತಾರೀಖು ಇನ್ನೊಂದು ತುಂಡಿಗೆ. ಓದಲು ಬಂದಷ್ಟನ್ನು ಓದಿ ಜೋಡಿಸಿದಾಗ ಎರಡು ಸ್ಟ್ರಿಪ್ ಮೇಲೆ ಎರಡು ಬೇರೆ ಬೇರೆ ಕಂಪನಿಯ ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ ಒಂದೇ ಔಷಧ: ಟೆಲ್ಮಿಸಾರ್ಟನ್, ಬಿಪಿ ಮಾತ್ರೆ.

"ಇದು ನಮ್ಮೂರ್ ಡಾಕ್ಟ್ರು ಕೊಟ್ಟಿದ್ದು, ಇದು ಮೈಸೂರ್ ಡಾಕ್ಟ್ರು ಕೊಟ್ಟಿದ್ದು. ಎರಡೂ ಬಿಡದೆ ತಗೋತಾವ್ರೆ ಮೇಡಂ" ಎಂದರು ಸೊಸೆ. ಅವರ ದನಿಯಲ್ಲಿ ಮಾವನ ಶಿಸ್ತಿನ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು.

"ತಾತ, ಮಂಡಿ ನೋವಿಗೆ ಏನ್ ತಗೋತೀರಾ?" ಎಂದು ಕೇಳಿದೆ.

"ಏನೂ ಇಲ್ಲ ಕಣವ್ವ."

"ನೋವು ಜಾಸ್ತಿ ಆದಾಗ?"

"ಅದು ಅಂಗಡೀಲಿ ಕೊಡ್ತಾರಲ್ಲ, ಒಂದು ನುಂಗ್ತೀನಿ. ಅದೇನು ಔಷಧಿ ಅಲ್ಲ ಬುಡು."

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಜನರಿಗೆ ಡಾಕ್ಟರು ಬರೆದದ್ದು ಮಾತ್ರ ಔಷಧಿ. ಅಂಗಡಿಯಲ್ಲಿ ಕೇಳಿ ತಂದದ್ದು, ಪಕ್ಕದ ಮನೆಯವರು ಕೊಟ್ಟದ್ದು, ಅಜ್ಜಿ ಕಾಸಿಕೊಟ್ಟ ಕಷಾಯ ಇವು ಯಾವುವೂ ಲೆಕ್ಕಕ್ಕಿಲ್ಲ. ಹಾಗಾಗಿ "ಬೇರೆ ಔಷಧಿ ತಗೋತೀರಾ?" ಎಂದು ಕೇಳಿದರೆ ಉತ್ತರ ಯಾವಾಗಲೂ ಇಲ್ಲವೆಂದೇ. ನೋವಿಗೆ ಏನು, ನಿದ್ದೆಗೆ ಏನು, ಗ್ಯಾಸಿಗೆ ಏನು, ಕೆಮ್ಮಿಗೆ ಏನು ಎಂದು ಒಂದೊಂದಾಗಿ ಕೇಳಬೇಕು. ಕೆಮ್ಮಿಗೆಂದು ದಿನವೂ ಜ್ಯೇಷ್ಠಮಧು ಕುಡಿಯುವವರ ಬಿಪಿ ಏರಬಹುದು, ರಕ್ತದ ಪೊಟ್ಯಾಶಿಯಂ ಇಳಿಯಬಹುದು. ಗಿಡಮೂಲಿಕೆ ಎಂದ ಮಾತ್ರಕ್ಕೆ ಅದು ಸುಮ್ಮನೆ ಹೊಟ್ಟೆಯೊಳಗೆ ಕೂತಿರುವುದಿಲ್ಲ.

ತಾತನ ವಿಷಯಕ್ಕೆ ಬರೋಣ. ಟೆಲ್ಮಿಸಾರ್ಟನ್ ಎರಡು ಪಾಲು, ಜೊತೆಗೆ ಅದೇ ಕವರಿನಲ್ಲಿದ್ದ, ಮೂತ್ರ ಹೆಚ್ಚಿಸುವ ನೀರಿನ ಮಾತ್ರೆ, ಅದರ ಮೇಲೆ ಅಂಗಡಿಯ ನೋವಿನ ಮಾತ್ರೆ. ಈ ಮೂರು ಕೂಡಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಮೂತ್ರಪಿಂಡದ ಪ್ರತಿ ಸೋಸುಗುಚ್ಛಕ್ಕೂ ರಕ್ತ ಒಳಬರುವ ಒಂದು ಸಣ್ಣ ನಾಳ, ಹೊರಹೋಗುವ ಇನ್ನೊಂದು ನಾಳ ಇರುತ್ತವೆ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಒಳಬರುವ ನಾಳವನ್ನು ಕಿರಿದು ಮಾಡುತ್ತದೆ. ಟೆಲ್ಮಿಸಾರ್ಟನ್ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ. ನೀರಿನ ಮಾತ್ರೆ ಹರಿಯುವ ನೀರನ್ನೇ ಕಡಿಮೆ ಮಾಡುತ್ತದೆ. ಮೇಲಿನ ತೂಬು ಮುಚ್ಚಿ, ಕೆಳಗಿನ ತೂಬು ತೆರೆದು, ಕೆರೆಯ ನೀರನ್ನೂ ಇಳಿಸಿದರೆ ಗದ್ದೆಯಲ್ಲಿ ನೀರು ನಿಲ್ಲುವುದೆಲ್ಲಿ? ಸೋಸಲು ಬೇಕಾದ ಒತ್ತಡವೇ ಉಳಿಯುವುದಿಲ್ಲ. ಮೂತ್ರಪಿಂಡ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ತಾತನಿಗೆ ಆಗಲೇ ಏರಿತ್ತು. ಯೂನಿಟ್ಟಿನ ಡಾಕ್ಟರಿಗೆ ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಟ್ಟಾಗ ಅವರು ಒಂದು ಬಿಪಿ ಮಾತ್ರೆಯನ್ನು ತೆಗೆದರು, ನೋವಿಗೆ ಪ್ಯಾರಸಿಟಮಾಲ್ ಬರೆದರು, ನೀರಿನ ಮಾತ್ರೆಯನ್ನು ಸದ್ಯಕ್ಕೆ ನಿಲ್ಲಿಸಿದರು. ತಲೆಸುತ್ತಿಗೆಂದು ಹೊಸ ಔಷಧ ಒಂದನ್ನೂ ಕೊಡದೆ ಅದು ಕಡಿಮೆಯಾಯಿತು.

ಎರಡೂ ಕಡೆಯ ಡಾಕ್ಟರು ಬರೆದದ್ದು ಸರಿಯಾಗಿಯೇ ಇತ್ತು. ಒಬ್ಬರ ಚೀಟಿ ಇನ್ನೊಬ್ಬರ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೇ. ಔಷಧದಿಂದಾಗುವ ತೊಂದರೆಗಳಲ್ಲಿ ಬಹಳಷ್ಟು ಹುಟ್ಟುವುದು ಹೀಗೆ, ಇಬ್ಬರ ನಡುವೆ ಯಾರೂ ನೋಡದ ಜಾಗದಲ್ಲಿ.

ಹೀಗೆ ನೋಡುವವರನ್ನು ವಾರ್ಡಿನೊಳಗೆ ಬಿಟ್ಟರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಹಳೆಯದಾದರೂ ಇಂದಿಗೂ ಎಲ್ಲರೂ ಉದಾಹರಿಸುವ ಒಂದು ಅಧ್ಯಯನವಿದೆ. ಅಮೆರಿಕದ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ನಡೆದದ್ದು. ಲೂಸಿಯನ್ ಲೀಪ್ ಎಂಬ ವೈದ್ಯರು ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದರು. ಮಾಡಿದ್ದಿಷ್ಟೆ: ಅನುಭವಿ ಫಾರ್ಮಸಿಸ್ಟರೊಬ್ಬರನ್ನು ಬೆಳಗಿನ ರೌಂಡ್ಸಿನಲ್ಲಿ ಡಾಕ್ಟರ ಜೊತೆಗೆ ನಿಲ್ಲಿಸಿದರು. ಔಷಧ ಬರೆಯುವಾಗಿನ ತಪ್ಪಿನಿಂದ ಆಗುತ್ತಿದ್ದ, ತಡೆಯಬಹುದಾದ ತೊಂದರೆಗಳು ಪ್ರತಿ 1,000 ರೋಗಿ-ದಿನಕ್ಕೆ 10.4 ಇದ್ದದ್ದು 3.5ಕ್ಕೆ ಇಳಿದವು. ನನಗೆ ಅದಕ್ಕಿಂತ ಹಿಡಿಸಿದ್ದು ಇನ್ನೊಂದು ಲೆಕ್ಕ. ಔಷಧ ಬರೆಯುವುದರ ಬಗ್ಗೆ ಆ ಫಾರ್ಮಸಿಸ್ಟ್ ಕೊಟ್ಟ 366 ಸಲಹೆಗಳಲ್ಲಿ 362ನ್ನು ವೈದ್ಯರು ಒಪ್ಪಿಕೊಂಡರು. ಡಾಕ್ಟರಿಗೂ ಫಾರ್ಮಸಿಸ್ಟಿಗೂ ಜಗಳವಾಗುತ್ತದೆ ಎಂದು ಹೆದರುವವರು ಈ ಅಂಕಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಪಕ್ಕದಲ್ಲಿ ನಿಂತು, ಬರೆಯುವ ಹೊತ್ತಿಗೇ ಮೆಲ್ಲಗೆ ಹೇಳಿದರೆ ಯಾರಿಗೂ ಬೇಸರವಿಲ್ಲ. ಬರೆದಾದ ಮೇಲೆ ಕೌಂಟರಿನಿಂದ ಫೋನ್ ಮಾಡಿ "ನೀವು ಬರೆದದ್ದು ತಪ್ಪು" ಎಂದರೆ ಯಾರಿಗಾದರೂ ಸಿಟ್ಟು ಬರುತ್ತದೆ.

ನಮ್ಮ ದೇಶದಲ್ಲಿ ಈ ವಿದ್ಯೆ ಬೇರು ಬಿಟ್ಟ ನೆಲಗಳಲ್ಲಿ ಮೈಸೂರೂ ಒಂದು. 1990ರ ದಶಕದ ಕೊನೆಯ ಭಾಗದಲ್ಲಿ ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು, ಊಟಿಯಲ್ಲಿರುವ ಅದೇ ಸಂಸ್ಥೆಯ ಕಾಲೇಜಿನ ಜೊತೆಗೆ, ಫಾರ್ಮಸಿ ಪ್ರಾಕ್ಟೀಸ್ ಎಂಬ ಸ್ನಾತಕೋತ್ತರ ಕೋರ್ಸು ತೆರೆಯಿತು. ಆಸ್ಟ್ರೇಲಿಯಾದ ಅಡಿಲೇಡ್ ನಗರದ ಆಸ್ಪತ್ರೆಯೊಂದರ ನೆರವು ಅದಕ್ಕಿತ್ತು. ಅಲ್ಲಿಯವರೆಗೆ ಫಾರ್ಮಸಿ ಓದುವುದೆಂದರೆ ಪ್ರಯೋಗಾಲಯ, ಕಾರ್ಖಾನೆ, ಮಾತ್ರೆ ಒತ್ತುವ ಯಂತ್ರ. ಓದುವ ಹುಡುಗ ಹುಡುಗಿಯರು ರೋಗಿಯ ಮುಖ ನೋಡುವ ಪ್ರಮೇಯ ತೀರಾ ಅಪರೂಪ. ಈ ಕೋರ್ಸು ಅವರನ್ನು ವಾರ್ಡಿಗೆ ಕರೆತಂದಿತು. ಮೈಸೂರಿನ ಜಿ. ಪಾರ್ಥಸಾರಥಿ ಅವರು ಕರಿನ್ ನೈಫೋರ್ಟ್-ಹ್ಯಾನ್ಸನ್, ಮಿಲಾಪ್ ನಹಾತಾ ಅವರೊಂದಿಗೆ ಸಂಪಾದಿಸಿದ ಪಠ್ಯಪುಸ್ತಕವನ್ನು ಈ ವಿಷಯದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. 2008ರಲ್ಲಿ ಭಾರತೀಯ ಫಾರ್ಮಸಿ ಪರಿಷತ್ತು ಫಾರ್ಮ್-ಡಿ ಪದವಿ ತಂದಿತು. ಪಿಯುಸಿ ನಂತರ ಆರು ವರ್ಷ, ಕೊನೆಯ ವರ್ಷ ಪೂರ್ತಿ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್.

ಇನ್ನು ಮನೆಯೊಳಗಿನ ಎರಡು ತಪ್ಪುಗಳ ಬಗ್ಗೆ ಹೇಳಲೇಬೇಕು. ಎರಡೂ ಜೀವಕ್ಕೆ ಕುತ್ತು ತರುವಂಥವು, ಎರಡನ್ನೂ ಐದು ನಿಮಿಷದ ಮಾತಿನಲ್ಲಿ ತಡೆಯಬಹುದು.

ಮೊದಲನೆಯದು ಇನ್ಸುಲಿನ್. ನಮ್ಮಲ್ಲಿ ಬಾಟಲಿಯಲ್ಲಿ ಬರುವ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ. ಇನ್ಸುಲಿನ್ ಪೆನ್ನಿಗೆ ಹಾಕುವ ಕಾರ್ಟ್ರಿಜ್ಜಿನಲ್ಲಿ ಅಷ್ಟಕ್ಕೇ 100 ಯೂನಿಟ್. ಸಿರಿಂಜೂ ಎರಡು ಬಗೆ: 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಮುಚ್ಚಳ. ಕೆಂಪು ಮುಚ್ಚಳದ್ದು ಮುಗಿದಿದೆ ಎಂದು ಅಂಗಡಿಯವರು ಕಿತ್ತಳೆ ಮುಚ್ಚಳದ್ದು ಕೊಟ್ಟರು ಎಂದಿಟ್ಟುಕೊಳ್ಳಿ. ಬಾಟಲಿಯ ಇನ್ಸುಲಿನ್ನನ್ನು ಅದರಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು 8 ಯೂನಿಟ್ ಮಾತ್ರ. ಶುಗರ್ ಇಳಿಯುವುದಿಲ್ಲ, ಡಾಕ್ಟರು ಡೋಸು ಏರಿಸುತ್ತಾರೆ. ಇದಕ್ಕಿಂತ ಅಪಾಯ ಉಲ್ಟಾ ಆದಾಗ. ಪೆನ್ನು ಕೆಟ್ಟಿದೆಯೆಂದು ಕಾರ್ಟ್ರಿಜ್ಜಿನಿಂದಲೇ ಕೆಂಪು ಮುಚ್ಚಳದ ಸಿರಿಂಜಿಗೆ 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ರಾತ್ರಿ ಮಲಗಿದವರು ಬೆಳಿಗ್ಗೆ ಏಳದೆ ಇರಬಹುದು. ಆದ್ದರಿಂದ ಇನ್ಸುಲಿನ್ ತೆಗೆದುಕೊಳ್ಳುವವರು ಬಾಟಲಿಯ ಮೇಲಿನ ಅಂಕಿಯನ್ನೂ ಸಿರಿಂಜಿನ ಮೇಲಿನ ಅಂಕಿಯನ್ನೂ ಪ್ರತಿ ಸಲ ತಾಳೆ ನೋಡಿ. ಎರಡೂ ಒಂದೇ ಇರಬೇಕು.

ಎರಡನೆಯದು ಮೆಥೊಟ್ರೆಕ್ಸೇಟ್. ಕೀಲುವಾತಕ್ಕೆ, ಸೋರಿಯಾಸಿಸ್‌ಗೆ ಕೊಡುವ ಒಳ್ಳೆಯ ಔಷಧ. ಈ ಕಾಯಿಲೆಗಳಿಗೆ ಇದನ್ನು ನುಂಗಬೇಕಾದ್ದು ವಾರಕ್ಕೊಂದು ದಿನ ಮಾತ್ರ. ಬಿಪಿ, ಶುಗರ್ ಮಾತ್ರೆಯ ಅಭ್ಯಾಸದವರು ದಿನವೂ ನುಂಗಿಬಿಡುತ್ತಾರೆ. ಇದರ ಜೊತೆ ಕೊಡುವ ಫೋಲಿಕ್ ಆಸಿಡ್ ಮಾತ್ರೆಯೂ ಹಲವು ಕಂಪನಿಗಳಲ್ಲಿ ಇದರ ಹಾಗೇ ಸಣ್ಣಗೆ, ಹಳದಿಯಾಗಿ ಇರುವುದರಿಂದ ಅದಲುಬದಲಾಗುವುದು ಸುಲಭ. ಬಾಯಿ ತುಂಬ ಹುಣ್ಣಾಗಿ, ರಕ್ತಕಣ ಕುಸಿದು ಬಂದವರನ್ನು ನೋಡಿದರೆ ನಾವು ಮೊದಲು ಕೇಳುವುದು, ಈ ಮಾತ್ರೆಯನ್ನು ದಿನವೂ ನುಂಗಿದಿರಾ ಎಂದು. ಚೀಟಿಯಲ್ಲಿ "ವಾರಕ್ಕೊಮ್ಮೆ" ಎಂದಷ್ಟೇ ಬರೆದರೆ ಸಾಲದು, ಯಾವ ದಿನ ಎಂದೂ ಬರೆಯಬೇಕು. ನಾವು ಸ್ಟ್ರಿಪ್ಪಿನ ಮೇಲೆ ಕನ್ನಡದಲ್ಲಿ "ಸೋಮವಾರ ಮಾತ್ರ" ಎಂದು ಮಾರ್ಕರಿನಲ್ಲಿ ಬರೆದು, ಓದಿಸಿ, ಬಾಯಲ್ಲಿ ಹೇಳಿಸಿ ಕಳಿಸುತ್ತೇವೆ.

ಇಂಥ ಸಣ್ಣ ಮಾತುಗಳು ಇನ್ನೂ ಎಷ್ಟೋ ಇವೆ. ಥೈರಾಯ್ಡ್ ಮಾತ್ರೆಯ ಜೊತೆ ಕ್ಯಾಲ್ಸಿಯಂ ಬೇಡ, ನಡುವೆ ನಾಲ್ಕು ಗಂಟೆ ಬಿಡಿ. ಕಬ್ಬಿಣಾಂಶದ ಮಾತ್ರೆ ನುಂಗಿ ಮೇಲೆ ಕಾಫಿ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಇಷ್ಟು ಹೊತ್ತು ಒಬ್ಬ ರೋಗಿ, ಒಂದು ಮನೆಯ ಮಾತಾಯಿತು. ಊರಿನ ಆರೋಗ್ಯಕ್ಕೂ ಇದಕ್ಕೂ ಇರುವ ನಂಟು ಕ್ಷಯದ ಚಿಕಿತ್ಸೆಯಲ್ಲಿ ಚೆನ್ನಾಗಿ ಕಾಣುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಶುರುವಾದ ಕೂಡಲೇ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ಔಷಧದ ಬಣ್ಣ, ಅಪಾಯವಿಲ್ಲ. ಮೊದಲೇ ಹೇಳದಿದ್ದರೆ ರಕ್ತ ಹೋಗುತ್ತಿದೆ ಎಂದು ಹೆದರಿ ಮಾತ್ರೆ ಬಿಟ್ಟುಬಿಡುತ್ತಾರೆ. ಹಾಗೆ ಅರ್ಧಕ್ಕೆ ಬಿಟ್ಟವರಲ್ಲಿ ಔಷಧಕ್ಕೆ ಬಗ್ಗದ ಕ್ಷಯ ಬೆಳೆಯಬಹುದು, ಮನೆಯವರಿಗೂ ಹರಡಬಹುದು. ಅದೇ ರಿಫಾಂಪಿಸಿನ್ ಗರ್ಭನಿರೋಧಕ ಗುಳಿಗೆಯ ಶಕ್ತಿಯನ್ನೂ ಕುಂದಿಸುತ್ತದೆ. ಮಾಲಾ-ಎನ್ ತಪ್ಪದೆ ನುಂಗುತ್ತಿದ್ದರೂ ಗರ್ಭ ನಿಂತಿತೆಂದು ಬರುವ ಹೆಣ್ಣುಮಗಳನ್ನು ಮನೆಯವರೆಲ್ಲ ಬೈದಿರುತ್ತಾರೆ. ಆಕೆಯದೇನೂ ತಪ್ಪಿರುವುದಿಲ್ಲ. ಕ್ಷಯದ ಮಾತ್ರೆ ಕೊಟ್ಟ ದಿನವೇ "ಬೇರೆ ವಿಧಾನ ಬಳಸಿ" ಎಂದು ಯಾರಾದರೂ ಹೇಳಬೇಕಿತ್ತು.

ಔಷಧ ಅಂಗಡಿಯವರ ಪಾಲೂ ಇದರಲ್ಲಿದೆ. 2018ರ ಮಾರ್ಚಿನಲ್ಲಿ ಹೊರಟ ಕೇಂದ್ರ ಸರ್ಕಾರದ ಅಧಿಸೂಚನೆಯ ಪ್ರಕಾರ ಕ್ಷಯದ ಔಷಧ ಮಾರಿದ ಅಂಗಡಿಯವರು ಆ ರೋಗಿಯ ವಿವರವನ್ನು ಆರೋಗ್ಯ ಇಲಾಖೆಗೆ ತಿಳಿಸಬೇಕು. 2014ರ ಮಾರ್ಚಿನಿಂದ ಜಾರಿಯಲ್ಲಿರುವ ಔಷಧ ನಿಯಮಗಳ ಎಚ್-1 ಅನುಸೂಚಿಯ ಪ್ರಕಾರ, ಕೆಲವು ಬಲವಾದ ಆ್ಯಂಟಿಬಯಾಟಿಕ್‌ಗಳೂ ಸೇರಿದಂತೆ ಪಟ್ಟಿಯಲ್ಲಿರುವ ಔಷಧಗಳನ್ನು ಮಾರುವಾಗ ಡಾಕ್ಟರ ಹೆಸರು, ರೋಗಿಯ ಹೆಸರು, ಔಷಧದ ಪ್ರಮಾಣ ಬರೆದ ಪ್ರತ್ಯೇಕ ರಿಜಿಸ್ಟರನ್ನು ಮೂರು ವರ್ಷ ಇಟ್ಟಿರಬೇಕು. 1948ರ ಫಾರ್ಮಸಿ ಕಾಯ್ದೆಯಂತೂ ಡಾಕ್ಟರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟ್ ಬಿಟ್ಟು ಬೇರೆಯವರು ಕೊಡುವುದೇ ಅಪರಾಧ ಎನ್ನುತ್ತದೆ. ಕಾನೂನು ಚೆನ್ನಾಗಿದೆ. ಅಂಗಡಿಗೆ ಹೋದರೆ ಸರ್ಟಿಫಿಕೇಟು ಗೋಡೆಯ ಮೇಲಿರುತ್ತದೆ, ಅದರಲ್ಲಿರುವ ಫೋಟೋದ ವ್ಯಕ್ತಿ ಎಷ್ಟೋ ಕಡೆ ಅಂಗಡಿಯಲ್ಲಿ ಇರುವುದಿಲ್ಲ. ಶೀತ ಎಂದು ಹೋದವರಿಗೆ ಮೂರು ದಿನದ ಆ್ಯಂಟಿಬಯಾಟಿಕ್ ಸಿಗುತ್ತದೆ. ಆ ಪ್ಯಾಕಿನ ಮೇಲೆ ಉದ್ದಕ್ಕೆ ಎಳೆದಿರುವ ಕೆಂಪು ಗೆರೆ ಅಲಂಕಾರಕ್ಕಲ್ಲ. ಚೀಟಿ ಇಲ್ಲದೆ ಇದನ್ನು ಕೊಳ್ಳಬೇಡಿ ಎಂದು ಎಚ್ಚರಿಸಲು. ನಿಮ್ಮ ಅಂಗಡಿಯವರು ಚೀಟಿ ಕೇಳಿದರೆ ಮುನಿಸಿಕೊಳ್ಳಬೇಡಿ. ಅಂಥ ಅಂಗಡಿಗೇ ಮತ್ತೆ ಹೋಗಿ.

ಹಾಗೆಂದು ಬರೀ ಅಂಗಡಿಯವರನ್ನು ದೂರಿ ಕೂರುವುದು ನ್ಯಾಯವಲ್ಲ. ಆರು ವರ್ಷ ಓದಿ ಬಂದ ಫಾರ್ಮ್-ಡಿ ಪದವೀಧರರಿಗೆ ನಮ್ಮ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್ ಎಂಬ ಹುದ್ದೆ ಕಾಣುವುದೇ ಅಪರೂಪ. ವಾರ್ಡಿನಲ್ಲಿ ಕಲಿತ ಹುಡುಗಿ ಬೆಂಗಳೂರಿನ ಯಾವುದೋ ಕಂಪನಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಹೊರದೇಶದ ರೋಗಿಗಳ ಅಡ್ಡಪರಿಣಾಮದ ವರದಿಗಳನ್ನು ತುಂಬುತ್ತಿರುತ್ತಾಳೆ. ಅದು ಗೌರವದ ಕೆಲಸವೇ, ಸಂಬಳವೂ ಇದೆ. ಆದರೆ ಅವಳ ಊರಿನ ಆಸ್ಪತ್ರೆಯಲ್ಲಿ ಅದೇ ಹೊತ್ತಿಗೆ ಒಬ್ಬ ತಾತ ಒಂದೇ ಬಿಪಿ ಮಾತ್ರೆಯನ್ನು ಎರಡು ಹೆಸರಿನಲ್ಲಿ ನುಂಗುತ್ತಿರುತ್ತಾರೆ. ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಇಬ್ಬರು, ತಾಲ್ಲೂಕಿಗೆ ಒಬ್ಬರು ಎಂದು ಶುರು ಮಾಡಿದರೂ ಆದೀತು. ತಡೆದ ಒಂದೊಂದು ಡಯಾಲಿಸಿಸ್ಸಿನ ಖರ್ಚು ಲೆಕ್ಕ ಹಾಕಿದರೆ ಆ ಸಂಬಳ ದೊಡ್ಡದೇನಲ್ಲ ಎಂಬುದು ನನ್ನ ಅಭಿಪ್ರಾಯ.

ಕೊನೆಯದಾಗಿ ಒಂದು ಕೆಲಸ, ಇದು ಕೇಳುಗರದೇ: ಔಷಧದಿಂದಾದ ತೊಂದರೆಯನ್ನು ವರದಿ ಮಾಡುವುದು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದ, ಗರ್ಭಿಣಿಯರೂ ನುಂಗುತ್ತಿದ್ದ ಥಾಲಿಡೊಮೈಡ್ ಎಂಬ ಮಾತ್ರೆಯನ್ನು 1961ರಲ್ಲಿ ಹಿಂತೆಗೆಯುವ ಹೊತ್ತಿಗೆ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದವು. ಔಷಧ ಮಾರುಕಟ್ಟೆಗೆ ಬಂದ ಮೇಲೂ ಅದರ ಮೇಲೆ ಕಣ್ಣಿಡಬೇಕೆಂದು ಜಗತ್ತು ಕಲಿತದ್ದು ಆಗ. ನಮ್ಮ ದೇಶದಲ್ಲಿ 2010ರಿಂದ ಔಷಧ ಜಾಗೃತಿ ಕಾರ್ಯಕ್ರಮ ನಡೆಯುತ್ತಿದೆ. ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನು ನೋಡಿಕೊಳ್ಳುತ್ತದೆ. ಮುಟ್ಟಿನ ಹೊಟ್ಟೆನೋವಿಗೆಂದು ಅನೇಕರು ನುಂಗುವ ಮೆಫೆನಾಮಿಕ್ ಆಸಿಡ್ ಬಗ್ಗೆ 2023ರ ನವೆಂಬರ್ 30ರಂದು ಎಚ್ಚರಿಕೆ ಹೊರಡಿಸಿದ್ದು ಇವರೇ. ಆ ಮಾತ್ರೆಯಿಂದ ಅಪರೂಪಕ್ಕೆ ಜ್ವರ, ಮೈಮೇಲೆ ಗಂಧೆ, ಗ್ರಂಥಿ ಊತ, ಯಕೃತ್ತಿಗೆ ಹಾನಿ ಆಗಬಹುದು, ಅದೂ ಶುರು ಮಾಡಿ ಎರಡರಿಂದ ಎಂಟು ವಾರಗಳಲ್ಲಿ. ಇಂಥ ಎಚ್ಚರಿಕೆ ಹುಟ್ಟುವುದು ವರದಿಗಳಿಂದ. ವರದಿ ಮಾಡಲು ಡಾಕ್ಟರೇ ಆಗಿರಬೇಕಿಲ್ಲ, ರೋಗಿಯೂ ಮಾಡಬಹುದು, ಕನ್ನಡದಲ್ಲೂ ಫಾರಂ ಇದೆ. ಯಾವುದೇ ಔಷಧ ನುಂಗಿದ ಮೇಲೆ ತುರಿಕೆ, ಊತ, ಹೊಸ ತೊಂದರೆ ಕಂಡರೆ ಮೊದಲು ಡಾಕ್ಟರನ್ನು ನೋಡಿ, ಆ ಸ್ಟ್ರಿಪ್ಪನ್ನು ಎಸೆಯದೆ ಇಟ್ಟುಕೊಳ್ಳಿ, ಆಮೇಲೆ ಕಚೇರಿ ವೇಳೆಯಲ್ಲಿ ಈ ಉಚಿತ ಸಂಖ್ಯೆಗೆ ಫೋನ್ ಮಾಡಿ. ಪೆನ್ನು ತೆಗೆದುಕೊಂಡಿದ್ದರೆ ಬರೆದುಕೊಳ್ಳಿ: 1800 180 3024. ಇನ್ನೊಮ್ಮೆ ಹೇಳುತ್ತೇನೆ: 1800 180 3024.